ಸಡಿಲ

ಮುಬೀನಾ, ನಿನಗೆ ನೆನಪಿರಬೇಕು,
ಕರೆಂಟು ಹೋಗಿ ಜನರೇಟರೂ ಕೈಕೊಟ್ಟ ಮಧ್ಯಾಹ್ನ,
ಬಿ.ಎಂ. ರಸ್ತೆಯಾಚೆಯ ಶೆಡ್ಡಿನಲ್ಲಿ
ಇನ್ನೂರು ಮಿಷನ್ನು ಒಟ್ಟಿಗೆ ಉಸಿರು ಬಿಟ್ಟು ಸುಮ್ಮನಾದಾಗ
ನಮ್ಮ ಕಿವಿಯೇ ನಮಗೆ ಹೊಸದಾಗಿತ್ತು.

ಮಾಲು ಪರೀಕ್ಷಿಸಲು ಬಂದ ಜಪಾನಿನ ಹೆಂಗಸು
ರಿಜೆಕ್ಟಿನ ಗುಡ್ಡೆ ಪಕ್ಕ ಕೂತು
ಚೀಲದಿಂದ ಒಂದು ನೀಲಿ ಬಟ್ಟೆ ತೆಗೆದಳು.
ಬೆರಳ ಬುಡಕ್ಕೆ ಚರ್ಮದ ಉಂಗುರ, ಬೆರಳುದ್ದದ ಸೂಜಿ.
ಸೂಜಿಯನ್ನು ಓಡಿಸಲಿಲ್ಲ ಅವಳು:
ಬಟ್ಟೆಯನ್ನೇ ನೆರಿಗೆ ನೆರಿಗೆಯಾಗಿ ಅದಕ್ಕೆ ಏರಿಸಿ,
ಎಳೆದು, ಉಗುರಿನಿಂದ ನೀವಿದಳು.
ಅಕ್ಕಿಕಾಳು ಸಾಲಾಗಿ ಎದ್ದು ಕೂತವು.
‘ಸಾಶಿಕೊ’ ಅಂದಳು.
‘ಏನು, ಶಶಿಕಲಾನಾ?’ ಅಂದೆ ನೀನು.
ಮೂರನೇ ಲೈನಿನ ಶಶಿಕಲಾ ತಲೆಯೆತ್ತಿದಳು.
ಇಡೀ ಶೆಡ್ಡು ನಕ್ಕಿತು.

ಆಮೇಲೆ ಆ ಕಾಲರ್ ಸಂಗತಿ.
ಸೊಟ್ಟ ನನ್ನದು. ಟೋಕನ್ ಅದಲುಬದಲಾಗಿತ್ತು.
ಸೂಪರ್‌ವೈಸರ್ ನಿನ್ನ ಹೆಸರು ಕೂಗಿದಾಗ
ನಾನು ಬಾಬಿನ್ನಿಗೆ ದಾರ ಸುತ್ತುತ್ತಿದ್ದೆ,
ಸುತ್ತಿ ತುಂಬಿದ್ದಕ್ಕೇ ಇನ್ನೂ ಸುತ್ತುತ್ತಿದ್ದೆ.
ಎರಡು ದಿನದ ಸಂಬಳ ಹೋಯಿತು ನಿನಗೆ.
ಮರುವಾರದಿಂದ ನೀನೇ ಬರಲಿಲ್ಲ.

ಕೆಲಸ ಬಿಟ್ಟ ಮೇಲೆ ನನಗೂ ಹೊತ್ತಿತ್ತು.
ಫ್ಯಾಕ್ಟರಿ ಕೊಟ್ಟ ನೀಲಿ ಏಪ್ರನ್ನು, ಮಡಿಲ ಹತ್ತಿರ ಸವೆದದ್ದು,
ಬಿಚ್ಚಿ, ಒಗೆದು, ಹಿಂದಕ್ಕೆ ಹಳೇ ಪಂಚೆಯ ಅಸ್ತರು ಕೊಟ್ಟು
ಮಗಳ ಅಡಿಪಟ್ಟಿಯಲ್ಲಿ ಗೆರೆ ಎಳೆದೆ.
‘ಚುಕ್ಕಿ ರಂಗೋಲಿ ಕಣೇ ಇದು’ ಅಂದರು ಅತ್ತೆ.
ಅಲ್ಲ ಅತ್ತೆ. ರಂಗೋಲಿಯಲ್ಲಿ ಗೆರೆಗಳು ನಡುವೆ ಹಾಯ್ದು ಕೂಡುತ್ತವೆ.
ಇಲ್ಲಿ ಆರು ಕಡೆಯಿಂದ ಓಡಿ ಬಂದವು
ನಡುವೆ ಒಂದು ಕಾಳಿನಷ್ಟು ಜಾಗ ಬಿಟ್ಟು ನಿಲ್ಲುತ್ತವೆ.
ಯಾರೂ ಯಾರನ್ನೂ ತುಳಿಯುವುದಿಲ್ಲ.

ನಿಮಿಷಕ್ಕೆ ನಾಲ್ಕು ಸಾವಿರ ಹೊಲಿಗೆ ಕಂಡ ಕೈ.
ಈಗ ಸೀಗೆಗುಡ್ಡ ಕಪ್ಪಾಗುವ ಹೊತ್ತಿಗೆ ಒಂದು ಎಲೆ.
ಮೊದಮೊದಲು ಬಿಗಿದೇ ಬಿಗಿದೆ,
ಬಿಗಿಯೇ ಕ್ವಾಲಿಟಿ ಅಂತ ಕಲಿಸಿದ್ದರಲ್ಲ ನಮಗೆ.
ಒಗೆದು ಹರವಿದರೆ ಬಟ್ಟೆ
ಮುನಿದ ಮಗುವಿನ ಮುಖದಂತೆ ಮುದುಡಿತ್ತು.
ಬಿಚ್ಚಿದೆ. ತೂತುಗಳು ಉಳಿದವು.
ಆಗ ನೆನಪಾಯಿತು: ಅವಳು ಪ್ರತಿ ತಿರುವಿನಲ್ಲೂ
ಹಿಂಬದಿಗೆ ಚೂರು ನೂಲು ಸಡಿಲ ಬಿಟ್ಟಿದ್ದಳು,
ಸೂಜಿಮೊನೆ ತೂರುವಷ್ಟು.

ನಾಲ್ಕು ತಿಂಗಳು ಹಿಡಿಯಿತು.
ನಿನ್ನೆ ಪೆನ್ಷನ್ ಮೊಹಲ್ಲಾದ ನಿನ್ನ ಅಂಗಡಿಗೆ ತಂದೆ.
‘ಫಾಲ್, ಜಿಗ್‌ಜಾಗ್, ಕುಚ್ಚು ಕಟ್ಟಲಾಗುವುದು’,
ಆ ಬೋರ್ಡಿನ ಕೆಳಗೆ ನೀನು, ಕನ್ನಡಕ ಬಂದಿದೆ.
‘ಗೋಡೆಗೆ ತೂಗುಹಾಕು’ ಅಂದೆ.
ಹೇಳಬೇಕಾದದ್ದು ಬಾಯಲ್ಲಿತ್ತು,
ಇದ್ದಲ್ಲೇ ಇತ್ತು.

ಬೇರೆಯವರಾದರೆ ಮುಂಬದಿ ನೋಡಿ ಚೆಂದ ಅನ್ನುತ್ತಾರೆ.
ನೀನು ಸೀದಾ ತಿರುಗಿಸಿದೆ.
ಬೆಳಕಿಗೆ ಹಿಡಿದೆ. ಹೆಬ್ಬೆರಳಿನಿಂದ ಸವರಿದೆ.
ಹಳೇ ತೂತುಗಳ ಮೇಲೆ ಬೆರಳು ಒಮ್ಮೆ ನಿಂತಿತು.
ಆಮೇಲೆ ಸಡಿಲ ಎಳೆಗಳು ಸಿಕ್ಕವು.
ಲೈನಿನ ಅಭ್ಯಾಸ, ಎಲ್ಲಿ ಹೋಗುತ್ತದೆ,
ಕೊರಳಿಗೆ ತೂಗಿದ್ದ ಪುಟ್ಟ ಕತ್ತರಿಗೆ ನಿನ್ನ ಕೈ ಹೋಯಿತು.

‘ಬೇಡ ಬೇಡ’ ಎಂದು ನಿನ್ನ ಮಣಿಕಟ್ಟು ಹಿಡಿದೆ ನಾನು,
ಹನ್ನೊಂದು ವರ್ಷದ ಮೇಲೆ ನಿನ್ನನ್ನು ಮುಟ್ಟಿದ್ದು.
‘ಅದು ಬೇಕೂಂತ ಬಿಟ್ಟಿರೋದು.’

ನೀನು ಕತ್ತರಿ ಬಿಟ್ಟೆ.
ಕೂತ್ಕೋ ಅನ್ನಲಿಲ್ಲ, ಏನೂ ಅನ್ನಲಿಲ್ಲ.
ಸ್ಟೂಲಿನ ಮೇಲೆ ಪೇರಿಸಿದ್ದ ಸೀರೆಗಳನ್ನು
ಒಂದೊಂದಾಗಿ ಎತ್ತಿ
ಆಚೆ ಇಡತೊಡಗಿದೆ.