ರೈಲಿನ ಕಡೆಯ ಹಿತ್ತಿಲು

ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ
ಕಿಟಕಿ ತುಂಬ ಅದೇ:
ಚನ್ನವೀರನ ಸಾಮಾನು.
ಆಸ್ಪತ್ರೆ ಎಸೆದ ಮಂಚಗಳ ಗಾಲಿ ಒಂದು ಬುಟ್ಟಿ,
ಸಲೈನ್ ಬಾಟಲಿ ತೂಗುಹಾಕುವ ಕಂಬ ಎರಡು,
ಬಣ್ಣ ಒಣಗಿದ ಡಬ್ಬ ಹತ್ತೊಂಬತ್ತು, ಎಣಿಸಿದ್ದೇನೆ,
ಹಿಡಿಕೆ ಮುರಿದ ಹುಲ್ಲು ಕತ್ತರಿಸುವ ಯಂತ್ರ,
ಎಲ್ಲದರ ಮೇಲೊಂದು ನೀಲಿ ತಾಡಪತ್ರಿ
ರಾತ್ರಿಯಿಡೀ ಗಾಳಿಗೆ ಪಟಪಟ,
ನಿದ್ದೆಗೆಟ್ಟ ಅತ್ತೆ ಗೊಣಗಿದ ಹಾಗೆ.

"ಬರ್ತದ, ಒಂದಿನ ಕೆಲಸಕ್ಕ ಬರ್ತದ" ಅನ್ನುತ್ತಾನೆ.
ಹನ್ನೊಂದು ವರ್ಷದಿಂದ ಆ ಒಂದಿನ
ಕ್ರೂ ಸ್ಟೇಷನ್ನಿನ ಬೋರ್ಡಿನ ಮೇಲೆ
ತಡ, ತಡ ಎಂದೇ ತೋರಿಸುತ್ತಿದೆ.

ಅವ್ವನಿಗೆ ಇದರ ವಿದ್ಯೆ ಗೊತ್ತಿತ್ತು.
ಹುಬ್ಬಳ್ಳಿಯ ಒಂದೂವರೆ ಕೋಣೆಯಲ್ಲಿ
ಒಲ್ಲದ್ದೆಲ್ಲ ಮಂಚದ ಕೆಳಗೆ:
ತೂತಾದ ಕೊಡ, ಸೋದರಮಾವನ ಹಾರ್ಮೋನಿಯಂ,
ಮನೆ ಮಾಲೀಕನ ಕಣ್ಣಿಗೆ ಬೀಳಬಾರದ ಬೆಕ್ಕಿನ ಮರಿ.
ಚಾದರದ ಅಂಚನ್ನು ನೆಲ ಮುಟ್ಟುವಷ್ಟು
ಇಳಿಬಿಟ್ಟರೆ ಮುಗಿಯಿತು,
"ಬರ್ರಿ, ಕುಂದರ್ರಿ" ಅನ್ನಬಹುದಿತ್ತು ಯಾರಿಗಾದರೂ.
ಮರಿ ಮಾತ್ರ ಒಮ್ಮೊಮ್ಮೆ
ಕೂತವರ ಹೆಬ್ಬೆರಳು ಹಿಡಿಯುತ್ತಿತ್ತು.

ಹಿತ್ತಿಲಿಗೆ ಚಾದರ ಇಳಿಬಿಡುವುದು ಹೇಗೆ?
ಪಕ್ಕದ ಪಾಲೀನ್ ಬೇಲಿಯ ಮೇಲಿಂದ ಹೇಳಿದಳು:
ಮರದ ಜಾಲರಿ ನಿಲ್ಲಿಸು, ಬಳ್ಳಿ ಹಬ್ಬಿಸು,
ಎರಡು ಬೇಸಿಗೆ ಸಾಕು.
ಹೇಳುವಾಗ ಒಮ್ಮೆಯೂ ಅವಳು
ತಾಡಪತ್ರಿಯ ಕಡೆ ನೋಡಲಿಲ್ಲ.
ಅದೇ ಚುಚ್ಚಿದ್ದು ನನಗೆ.

ಮೂರು ಜಾಲರಿ, ಆರಡಿ ಎತ್ತರ.
ಬೂದು ಹಸಿರು ಬಣ್ಣ ನಾನೇ ಬಳಿದೆ, ಮನೆಯ ಕಡೆಗೆ.
ಹತ್ತೊಂಬತ್ತು ಡಬ್ಬದಲ್ಲಿ ಒಂದರಲ್ಲೂ
ಬೇಕಾದ ಬಣ್ಣ ಇರಲಿಲ್ಲವೆಂದು ಎತ್ತಿ ಆಡಿಯೂ ಆಡಿದೆ.
ಗುಂಡಿ ತೋಡಿದವನು ಚನ್ನವೀರನೇ,
ತನ್ನನ್ನೇ ಮರೆಮಾಡುವ ಗೋಡೆಗೆ
ತಾನೇ ರಸಮಟ್ಟ ಹಿಡಿದು,
ಕಣ್ಣು ಕಿರಿದು ಮಾಡಿ, ಮಾತಿಲ್ಲದೆ.
ಕ್ಲೆಮಟಿಸ್ ಸತ್ತಿತು. ಹನಿಸಕಲ್ ಹಿಡಿಯಿತು.
ಎರಡನೆಯ ಜೂನಿನ ಒಂದು ಬೆಳಿಗ್ಗೆ
ಪಾತ್ರೆ ತೊಳೆಯುತ್ತ ತಲೆಯೆತ್ತಿದರೆ
ಎಲೆ, ಎಲೆ, ಎಲೆ,
ಸಂದಿಯಲ್ಲೆಲ್ಲ ಹಳದಿ ಬಾಯಿ ತೆರೆದ ಹೂ.
ಗೆದ್ದೆ ಅಂದುಕೊಂಡೆ.

ಆಮೇಲೆ ಒಂದು ಶನಿವಾರ
ಮ್ಯಾಂಚೆಸ್ಟರಿನಿಂದ ಮರಳುವ ರೈಲು
ಸಿಗ್ನಲ್ಲಿಗೆ ನಿಂತಿತು.
ಯಾರಪ್ಪಾ ಇಷ್ಟು ಗಲೀಜು ಗುಡ್ಡೆಹಾಕಿಕೊಂಡವರು
ಅಂತ ಎದುರು ಸೀಟಿನವರ ಜೊತೆ ನಾನೂ ನೋಡಿದೆ.
ನೀಲಿ ಕಂಡಿತು.

ನಾನು ಬಣ್ಣ ಬಳಿಯದ ಕಡೆಯ ಜಾಲರಿ,
ಬೋಳು ಮರ, ಇಣುಕುವ ಮೊಳೆ ತುದಿಗಳು.
ತಲೆಕೆಳಗು ಮಾಡಿದ ಡಬ್ಬದ ಮೇಲೆ ಅವನು.
ಸಲೈನ್ ಕಂಬಗಳಿಗೆ ಬೀನ್ಸ್ ಬಳ್ಳಿ ಹಬ್ಬಿದೆ,
ಕೆಂಪು ಹೂವಿಟ್ಟಿದೆ, ನನಗೆ ಗೊತ್ತೇ ಇಲ್ಲ.
ಕೈಯಲ್ಲೊಂದು ಗಾಲಿ; ಎಣ್ಣೆ ಬಿಟ್ಟು
ಬೆರಳಿನಿಂದ ತಿರುಗಿಸುತ್ತಾನೆ,
ನಿಲ್ಲುವ ತನಕ ಕಿವಿಗೆ ಹಿಡಿದು ಕೇಳುತ್ತಾನೆ,
ಮತ್ತೆ ತಿರುಗಿಸುತ್ತಾನೆ.

ರೈಲು ಕದಲುವಾಗ ಚಾಲಕ ಹಾರ್ನ್ ಒತ್ತಿದ,
ಗಿಡ್ಡದು, ಎರಡು ಸಲ.
ಚನ್ನವೀರ ತಲೆಯೆತ್ತದೆಯೇ
ಗಾಲಿ ಹಿಡಿದ ಕೈ ಮೇಲೆತ್ತಿದ,
ದಿನಾ ಸಿಗುವವರಿಗೆ ಎತ್ತುವ ಹಾಗೆ.
ಸಿಂಕಿನ ಮುಂದೆ ನಿಂತು ಎಷ್ಟು ವರ್ಷ ಕೇಳಿದ್ದೇನೆ ಆ ಸದ್ದು,
ಹಳಿ ದಾಟುವ ಹುಡುಗರಿಗೆ ಅಂದುಕೊಂಡು.

ಮನೆಗೆ ಬಂದು ಏನೂ ಹೇಳಲಿಲ್ಲ.
ಏಣಿಯ ಕೆಳಗೆ ಬೂದು ಹಸಿರು ಕಾಲು ಡಬ್ಬ ಉಳಿದಿತ್ತು.
ಮುಚ್ಚಳ ಬಿಗಿದು, ಮೇಲೊಮ್ಮೆ ಗುದ್ದಿ,
ಜಾಲರಿಯ ಹಿಂದೆ ಹೋಗಿ
ಅವನ ಹತ್ತೊಂಬತ್ತರ ಪಕ್ಕ ಇಟ್ಟೆ.
"ಅದ್ಯಾಕ?" ಅಂದ.
ಆ ಕಡೆಗೂ ಒಂದು ಕೋಟು ಬಳಿಯುವಷ್ಟು ಇದೆ.
ಬಳಿದಿಲ್ಲ, ಇನ್ನೂ.