ಯಾರಲ್ಲಿ?

ಹಗಲೆಲ್ಲ ಅದು ಗುಜರಾತಿ ಮಕ್ಕಳ ಶಾಲೆ.
ರಾತ್ರಿ ಎಂಟಕ್ಕೆ ಬೋರಾಬಜಾರಿನ ಆ ಮರದ ಮೆಟ್ಟಿಲನ್ನು
ಕನ್ನಡ ಹತ್ತಿ ಬರುತ್ತಿತ್ತು:
ಸೋಡಾಪುಡಿಗೆ ಬಿರಿದ ಬೆರಳು,
ಅಂಗಿಯ ತುಂಬ ಸಾಂಬಾರಿನ ವಾಸನೆ.
ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು
ಹದಿನೇಳರ ಹುಡುಗರು
ಐದನೆಯ ಇಯತ್ತೆಗೆ ಕೂರುತ್ತಿದ್ದರು.

ನಾನು ಇತಿಹಾಸದ ಮಾಸ್ತರ; ಹಗಲು ವಿಮಾ ಕಚೇರಿಯ ಗುಮಾಸ್ತ.
ನನ್ನ ದನಿಯೂ ಕಾರ್ಬನ್ ಕಾಗದದ ಮೂರನೆಯ ಪ್ರತಿ.
ಇಸವಿಗಳನ್ನು ಓದಿಸಿದೆ. ತೂಕಡಿಸಿದರು.
ಬೈಯಲು ಮನಸ್ಸಾಗದೆ
ಒಂದು ನಾಟಕ ಆಡೋಣವೇ ಎಂದೆ.

ಅರಸನ ಪಾತ್ರ ಐತಪ್ಪನಿಗೆ.
ಎಲ್ಲರಿಗಿಂತ ಉದ್ದ ಅವನೇ, ಬೇರೆ ಕಾರಣವಿಲ್ಲ.
ಮೇಜಿನ ಮೇಲಿಟ್ಟ ಕುರ್ಚಿಯಲ್ಲಿ ಕೂತು, ಚಪ್ಪಾಳೆ ತಟ್ಟಿ,
"ಯಾರಲ್ಲಿ?" ಎನ್ನಬೇಕು. ಅಷ್ಟೇ.

ಮೊದಲ ದಿನ, ಲೋಟ ಒಡೆದವನ ಹಾಗೆ ಅಂದ.
ಮರುದಿನ ಎದ್ದು ನಿಂತು ಅಂದ.
ಎದ್ದು ನಿಂತು ಆಳನ್ನು ಕರೆಯುವ ಅರಸ ಉಂಟೇ ಮಾರಾಯ,
ಇಳಿ, ನೋಡು, ಎಂದು ನಾನೇ ಹತ್ತಿ ಕೂತೆ.
ಎರಡು ಚಪ್ಪಾಳೆ.
"ಯಾರಲ್ಲಿ?"
"ಬಂದೆ ಸಾರ್!"
ಐತಪ್ಪನ ಕೈ ಆಗಲೇ
ಹೆಗಲ ಮೇಲಿಲ್ಲದ ಒರೆಸುಬಟ್ಟೆಯನ್ನು ಹುಡುಕುತ್ತಿತ್ತು.

ಎಲ್ಲರೂ ನಕ್ಕರು. ಅವನೂ.
ಸಿಂಹಾಸನದಿಂದ ಹೇಗೆ ಇಳಿಯಬೇಕೆಂದು
ನನಗೆ ತಿಳಿಯಲಿಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು.
"ನಾಟಕ ಕಶಾಲಾ, ಮಾಸ್ತರ್?"
ವರದಿಯಲ್ಲಿ ಕೆಂಪು ಶಾಯಿ: ಪಠ್ಯೇತರ.
ಲೈಟು ಬಿಲ್ಲಿನ ಬಗ್ಗೆಯೂ ಎರಡು ಸಾಲು.

ಆಟದ ರಾತ್ರಿ ಮುಂದಿನ ಸಾಲಿನಲ್ಲಿ
ಐತಪ್ಪನ ಧಣಿ, ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಬಂದವರು.
ಬಣ್ಣದ ಕಾಗದದ ಕಿರೀಟ ಬೆವರಿಗೆ ಹಣೆಯ ಮೇಲಿಳಿದು
ಕಿವಿಯ ಹಿಂದೆ ನೀಲಿ ಗೆರೆ.
ಚಪ್ಪಾಳೆ ತಟ್ಟಿದ. ನಿಲ್ಲಿಸಿದ.
ಕೆಳಗೆ ಕೈಗಾಡಿಯೊಂದು ಕಡಕಡ ಹೋಯಿತು.
ಅದು ಪೂರಾ ಹೋಗುವವರೆಗೆ ಕಾದು,
ನಾನು ಕಲಿಸಿದ ಗರ್ಜನೆ ಬಿಟ್ಟು,
ಕತ್ತಲಲ್ಲಿ ನಿಜಕ್ಕೂ ಯಾರೋ ಇದ್ದಾರೆಂಬಂತೆ
ಕೇಳಿದ:
"ಯಾರಲ್ಲಿ?"

ಧಣಿ ಕುರ್ಚಿಯಿಂದ ಅರ್ಧ ಎದ್ದರು.
ಯಾವ ಕಾಲದಲ್ಲೋ ಬಸಿ ತೊಳೆದವರು.
ಮತ್ತೆ ಪಂಚೆ ಸರಿಮಾಡಿಕೊಂಡಂತೆ ಮಾಡಿ ಕೂತರು.

ಗಣಿತದಲ್ಲಿ ಐತಪ್ಪನಿಗೆ ಆ ವರ್ಷವೂ ಇಪ್ಪತ್ತೆರಡು.

ಸೋಮವಾರ ಚಾ ಕುಡಿಯಲು ಹೋದೆ.
ಬಸಿಗೆ ತುಳುಕದಂತೆ ತಂದಿಟ್ಟ.
ಕಿವಿಯ ಹಿಂದೆ ಇನ್ನೂ ಒಂಚೂರು ನೀಲಿ.
ಫ್ಯಾಮಿಲಿ ರೂಮಿನಿಂದ ಯಾರೋ ಚಿಟಿಕೆ ಹೊಡೆದು ಕೂಗಿದರು.
"ಬಂದೆ" ಎಂದ.
ಮುಂದಿನ ಮಾತಿಗೆ ಕಾದೆ, ಅಭ್ಯಾಸಬಲ.
ಅಷ್ಟೇ ಇತ್ತು.