ಸಾಸಿವೆಯಷ್ಟು ಪೆಟ್ಟು

ಲೆಗಾಸ್ಪಿಯಲ್ಲಿ ಊರಿಗಿಂತ ಮುಂಚೆ ಸುತ್ತಿಗೆ ಏಳುತ್ತದೆ.
ಉರೋಲಾ ಹೊಳೆಯ ಆಚೆದಡದ ಮನೆಗಳಲ್ಲಿ
ಬಸಿಯ ಮೇಲಿನ ಕಾಫಿ ಬಟ್ಟಲು ಕಟಕಟ ಎನ್ನುತ್ತದೆ.
ಆ ಸುತ್ತಿಗೆಯ ಕೆಳಗೆ ಮೂವತ್ತೊಂದು ವರ್ಷ
ಕೆಂಡದ ಉಕ್ಕು ಹಿಡಿದವನು ಎರ್ರಾಮುನ್.
ನನ್ನ ಗಾಜಿನ ಗೂಡಿನ ಮುಂದೆ ನಿಂತು ನಗುತ್ತಾನೆ:
"ಏನು ಗರಾಸಿ, ಇವತ್ತೂ ಆಲಿಕಲ್ಲು ಮಳೆಯೇ?"

ಬಾಗಿಲು ಮುಚ್ಚಿದೊಡನೆ ಚಟಪಟ.
ಸಾಸಿವೆಯಷ್ಟೇ ಗುಂಡುಗಳು ಗಾಳಿಯ ಬೆನ್ನೇರಿ
ತಿರುಗುವ ಕನೆಕ್ಟಿಂಗ್ ರಾಡಿಗೆ ಬಡಿಯುತ್ತವೆ.
ಕುಳಿಯ ಮೇಲೆ ಕುಳಿ.
ಹೊಳಪು ಹೋಗಿ ಮೈಯೆಲ್ಲ ಮಂಜು.

ಒಂದು ದಿನ ಅವನಿಗೆ ತೋರಿಸಿದೆ:
ಬೆರಳುದ್ದದ ತೆಳ್ಳನೆ ಪಟ್ಟಿ, ನೆಟ್ಟಗಿದ್ದದ್ದು,
ಒಂದೇ ಮಗ್ಗುಲಿಗೆ ಗುಂಡು ಹೊಡೆದು ತಿರುಪು ಬಿಚ್ಚಿದರೆ
ಬೆಕ್ಕಿನ ಹಾಗೆ ಬೆನ್ನೆತ್ತಿತು,
ಪೆಟ್ಟು ಬಂದ ಕಡೆಗೇ.
"ಹೆದರಿ ಓಡಬೇಕಲ್ಲ, ಇದೇನು ಎದೆ ಕೊಡುತ್ತದೆ?"
ಪೆಟ್ಟು ತಿಂದ ಚರ್ಮ ಹರಡಬೇಕೆನ್ನುತ್ತದೆ, ಎಂದೆ,
ಒಳಗಿನ ಉಕ್ಕು ಜಾಗ ಕೊಡುವುದಿಲ್ಲ.
ಆ ಇಕ್ಕಟ್ಟಿನಲ್ಲಿ ಕೂದಲೆಳೆ ಬಿರುಕು ಹುಟ್ಟಿದರೂ
ತುಟಿ ಬಿಚ್ಚಲಾರದು.

ಮಾರನೆಯ ದಿನ ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದ
ಎರಡು ತುಂಡು. ಭಾವನ ಟ್ಯೂನಾ ದೋಣಿಯದು.
ಒಂದಾರೋವಾ ಬಂದರು ಕಾಣದಷ್ಟು ದೂರದಲ್ಲಿ
ಎಂಜಿನ್ ನಿಂತುಹೋದ ರಾತ್ರಿಯದು.
ಹನ್ನೊಂದು ಗಂಟೆ ತೇಲಿದರು. ಎಲ್ಲರೂ ಬಂದರು.
ಮೀನು ಕೊಳೆತಿತ್ತು.

ಮುರಿದ ಮುಖವನ್ನು ದೀಪಕ್ಕೆ ಹಿಡಿದೆ.
ಅಂಚಿನಲ್ಲಿ ಉಗುರ ತುದಿಯಷ್ಟು ಗೀರು,
ಅಲ್ಲಿಂದ ಗೆರೆ, ಗೆರೆಯಾಚೆ ಗೆರೆ,
ಇಳಿಯುವ ಕಡಲು ಮರಳಲ್ಲಿ ಬಿಟ್ಟುಹೋದಂತೆ.
ಕೊನೆಗೆ ಕಲ್ಲುಸಕ್ಕರೆ ಒಡೆದಂಥ ಒರಟು:
ಅದೊಂದೇ ಆ ರಾತ್ರಿ. ಉಳಿದದ್ದೆಲ್ಲ ವರ್ಷಗಳು.
"ನಾನೇ ಬಡಿದದ್ದು" ಎಂದ. "ಅಚ್ಚಿನ ಗುರುತು ನೋಡು."
ನಿನ್ನ ಬಡಿತದಲ್ಲಿ ತಪ್ಪಿಲ್ಲ, ಇದು ಆಮೇಲೆ ಬಿದ್ದ ಗೀರು, ಎಂದೆ.
ಕೇಳಿಸಿತೋ ಇಲ್ಲವೋ; ಎಡಗಿವಿಯ ಕಡೆ ನಿಂತಿದ್ದೆ.

ಊಟದ ಹೊತ್ತಿಗೆ ಹೊಸ ಹುಡುಗ ಒಯ್ಹಾನ್:
"ಮನುಷ್ಯರೂ ಹಾಗೇ ಅಲ್ಲವೇ, ಪೆಟ್ಟು ಬಿದ್ದಷ್ಟೂ ಗಟ್ಟಿ."
ಎರ್ರಾಮುನ್ ಬ್ರೆಡ್ಡು ಕೆಳಗಿಟ್ಟ.
ಅವನ ಬಲಭುಜ ಕಿವಿಯ ಮಟ್ಟಕ್ಕೆ ಏಳುವುದಿಲ್ಲ.
ಇಲ್ಲ ಕಣೋ, ಎಂದೆ ನಾನು.
ಇಲ್ಲಿ ಗುಂಡಿನ ಗಾತ್ರಕ್ಕೆ ಲೆಕ್ಕ, ಗಾಳಿಗೆ ಲೆಕ್ಕ, ನಿಮಿಷಕ್ಕೆ ಲೆಕ್ಕ.
ಮಿತಿ ಮೀರಿದರೆ ಚರ್ಮ ಮಡಚಿ ಸಿಪ್ಪೆ ಏಳುತ್ತದೆ,
ಬಿರುಕಿಗೆ ನಾವೇ ಬಾಗಿಲು ತೆಗೆದ ಹಾಗೆ.
ಸಾಕು ಅನ್ನುವುದಕ್ಕೆ ಆ ಪಟ್ಟಿ ಇದೆ.
ಇವನ ಪಕ್ಕ ಯಾರು ಪಟ್ಟಿ ಇಟ್ಟಿದ್ದರು?

ಹುಡುಗ ನೀರು ಕುಡಿದ. ಸೈರನ್ ಆಯಿತು.

ಒಂದು ತುಂಡು ಈಗ ನನ್ನ ಮೇಜಿನ ಮೇಲಿದೆ,
ಪಾಳಿಯ ಕಾಗದಗಳು ಹಾರದಂತೆ.
ಇನ್ನೊಂದನ್ನು ಅವನು ಜೇಬಿಗಿಳಿಸಿಕೊಂಡ,
ಕೋಟು ಆ ಕಡೆಗೇ ಜೋತಿತ್ತು.